ಸಂಬಳವೇ ತಡವಾಗುತ್ತಿರುವ ರೆಸಾರ್ಟ್‌ಗೆ ರಾಜೀನಾಮೆ: ಉಳಿದ ಗಳಿಕೆ ರಜೆಯ ಹಣ ಸಿಗುವುದೇ?

ಪ್ರಶ್ನೆ: ನಾನು ಕುಶಾಲನಗರದವಳು. ಮಡಿಕೇರಿ ಸಮೀಪದ ರೆಸಾರ್ಟ್ ಒಂದರ ಫ್ರಂಟ್ ಆಫೀಸ್‌ನಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹುದ್ದೆಯ ಹೆಸರು ಅಸಿಸ್ಟೆಂಟ್ ಮ್ಯಾನೇಜರ್. ಒಟ್ಟು ಸಂಬಳ 28,000 ರೂಪಾಯಿ, ಅದರಲ್ಲಿ ಮೂಲ ವೇತನ 12,000. ನಾವು ಸುಮಾರು 35 ಮಂದಿ ಸಿಬ್ಬಂದಿ ಇದ್ದೇವೆ. ಎರಡು ತಿಂಗಳಿಂದ ಸಂಬಳ ಬಂದಿಲ್ಲ. ಆ್ಯಪ್‌ನಲ್ಲಿ ನನ್ನ ಹೆಸರಿಗೆ 40 ಗಳಿಕೆ ರಜೆ ಮತ್ತು 12 ಅನಾರೋಗ್ಯ ರಜೆ ತೋರಿಸುತ್ತಿದೆ. ಗಳಿಕೆ ರಜೆಯಲ್ಲಿ 33 ಕಳೆದ ವರ್ಷದಿಂದ ಬಂದದ್ದು, 7 ಈ ವರ್ಷದ್ದು. ಕಳೆದ ಪುತ್ತರಿಗೆ ಐದು ದಿನ ರಜೆ ಕೇಳಿದ್ದೆ, ಕೊಡಲಿಲ್ಲ. ಅದಕ್ಕೂ ಮೊದಲು ಮಳೆಗಾಲದಲ್ಲಿ ಅತಿಥಿಗಳಿಲ್ಲವೆಂದು ನಮ್ಮನ್ನು ಮನೆಗೆ ಕಳುಹಿಸಿ ಹತ್ತು ದಿನ ರಜೆ ಕಡಿದರು. ಈಗ ‘ತಿಂಗಳ ಕೊನೆಯೊಳಗೆ ಎಲ್ಲರೂ ರಾಜೀನಾಮೆ ಕೊಡಿ, ಕಂಪನಿಯಲ್ಲಿ ಹಣವಿಲ್ಲ, ರಜೆ ಲ್ಯಾಪ್ಸ್ ಆಗುತ್ತದೆ’ ಎನ್ನುತ್ತಿದ್ದಾರೆ. ಮೈಸೂರಿನಲ್ಲಿ ನನಗೆ ಬೇರೆ ಕೆಲಸ ಸಿಕ್ಕಿದೆ. ಒಂದು ತಿಂಗಳ ನೋಟಿಸ್ ಇದೆ. ಈ ರಜೆಯನ್ನು ನೋಟಿಸ್ ಅವಧಿಯಲ್ಲಿ ತೆಗೆದುಕೊಳ್ಳಬೇಕೇ, ಹಣವಾಗಿ ಕೇಳಬೇಕೇ? ಕಂಪನಿ ಮುಚ್ಚಿದರೆ ಏನಾಗುತ್ತದೆ? ನನ್ನ ತಾಯಿ ಸಿದ್ದಾಪುರದ ಕಡೆ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾರೆ; ಅವರಿಗೂ ಇಂಥ ರಜೆ ಇರುತ್ತದೆಯೇ?

ಉತ್ತರ: ಮಾನ್ಯರೇ, ಕಂಪನಿಯಲ್ಲಿ ಹಣವಿಲ್ಲ ಎಂಬ ಕಾರಣಕ್ಕೆ ಗಳಿಕೆ ರಜೆ ಲ್ಯಾಪ್ಸ್ ಆಗುವುದಿಲ್ಲ. ದುಡಿದು ಗಳಿಸಿದ ರಜೆಯು ನೀವು ಕೆಲಸ ಬಿಡುವ ದಿನ ಕಂಪನಿ ನಿಮಗೆ ಕೊಡಬೇಕಾದ ಸಾಲವಾಗುತ್ತದೆ. ಸಾಲಗಾರನ ಕೈ ಖಾಲಿಯಿದೆ ಎಂದ ಮಾತ್ರಕ್ಕೆ ಸಾಲ ತೀರಿಹೋಗುವುದಿಲ್ಲ. ಆದರೆ ನಿಮ್ಮ ಪರಿಸ್ಥಿತಿಯಲ್ಲಿ ಹಕ್ಕು ಇದೆಯೇ ಎಂಬ ಪ್ರಶ್ನೆಗಿಂತ, ಆ ಹಕ್ಕನ್ನು ಯಾವ ರೂಪದಲ್ಲಿ, ಯಾವ ಕಾಗದದ ಮೇಲೆ, ಎಷ್ಟು ಬೇಗ ಹೊರಗೆ ತರುತ್ತೀರಿ ಎಂಬುದೇ ಹೆಚ್ಚು ಮುಖ್ಯ. ಚೆನ್ನಾಗಿ ನಡೆಯುವ ಕಂಪನಿಯಲ್ಲಿ ರಜೆಯನ್ನು ಹಣವಾಗಿ ಪಡೆಯುವುದು ಲಾಭದಾಯಕವಾಗಿರಬಹುದು. ಸಂಬಳವನ್ನೇ ಕೊಡಲಾಗದ ಕಂಪನಿಯಲ್ಲಿ ಅದೇ ರಜೆಯನ್ನು ಸಾಧ್ಯವಾದಷ್ಟು ಸಮಯವಾಗಿ ಪಡೆದುಕೊಂಡು, ಉಳಿದದ್ದಕ್ಕೆ ಮಾತ್ರ ಹಣ ಕೇಳುವುದು ವಿವೇಕ. ಹಾಗೇಕೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ರಾಜೀನಾಮೆಯ ಮಾತು, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಅದೇ. ಸಿಬ್ಬಂದಿಯೆಲ್ಲರಿಂದ ಒಟ್ಟಿಗೆ ರಾಜೀನಾಮೆ ಬರೆಸಿಕೊಳ್ಳಲು ಆಡಳಿತವು ಇಷ್ಟು ಅವಸರ ತೋರಿಸುವುದಕ್ಕೆ ಕಾನೂನಿನಲ್ಲಿ ಒಂದು ಸ್ಪಷ್ಟ ಕಾರಣವಿದೆ. ಉದ್ಯೋಗದಾತರೇ ಕೆಲಸಗಾರರನ್ನು ಕಡಿತಗೊಳಿಸಿದರೆ ಅಥವಾ ಸಂಸ್ಥೆಯನ್ನು ಮುಚ್ಚಿದರೆ, ಒಂದು ವರ್ಷವಾದರೂ ಎಡೆಬಿಡದೆ ದುಡಿದ ಕೆಲಸಗಾರರಿಗೆ ನೋಟಿಸ್ ಕೊಡಬೇಕು, ಅದರ ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿದ್ದ ಈ ನಿಯಮ ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಮುಂದುವರಿದಿದೆ. ಆರು ವರ್ಷ ದುಡಿದ ನಿಮಗೆ ಅದು 90 ದಿನಗಳ ವೇತನ. ನೀವಾಗಿಯೇ ರಾಜೀನಾಮೆ ಕೊಟ್ಟರೆ ಈ ಪರಿಹಾರದ ಹಕ್ಕು ಹೋಗುತ್ತದೆ. ರಜೆಯ ಹಣ, ಬಾಕಿ ಸಂಬಳ ಮತ್ತು ಗ್ರಾಚ್ಯುಟಿ (ಸೇವೆಯ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಕೊಡುವ ಮೊತ್ತ) ಮಾತ್ರ ಉಳಿಯುತ್ತವೆ. ಮೈಸೂರಿನ ಕೆಲಸ ಕೈಯಲ್ಲಿರುವುದರಿಂದ ನೀವು ಹೊರಡುವುದು ಸರಿಯಾದ ನಿರ್ಧಾರವೇ ಇರಬಹುದು. ಬೇರೆ ಕೆಲಸ ಸಿಗದ ನಿಮ್ಮ ಸಹೋದ್ಯೋಗಿಗಳು ಮಾತ್ರ, ಆಡಳಿತ ಹೇಳಿತೆಂದು, ಅಚ್ಚು ಹಾಕಿಸಿಟ್ಟ ರಾಜೀನಾಮೆ ಪತ್ರಕ್ಕೆ ಸಹಿ ಹಾಕಬಾರದು. ದಯವಿಟ್ಟು ಈ ಮಾತನ್ನು ಹೌಸ್‌ಕೀಪಿಂಗ್ ಮತ್ತು ಅಡುಗೆಮನೆಯಲ್ಲಿ ದುಡಿಯುವವರಿಗೂ ತಲುಪಿಸಿ; ಇಂಥ ಸಮಯದಲ್ಲಿ ಹೆಚ್ಚು ಕಳೆದುಕೊಳ್ಳುವವರು ಅವರೇ.

ನಿಮ್ಮ ಪತ್ರವನ್ನು ನೀವೇ ನಿಮ್ಮ ಮಾತಿನಲ್ಲಿ ಬರೆಯಿರಿ. ‘ವೈಯಕ್ತಿಕ ಕಾರಣಗಳಿಂದ’ ಎಂಬ ರೂಢಿಯ ಸಾಲು ಬೇಡ. ಎರಡು ತಿಂಗಳಿಂದ ಸಂಬಳ ಬಾರದಿರುವುದರಿಂದ ಕೆಲಸ ಬಿಡಬೇಕಾಗಿದೆ ಎಂಬ ಸತ್ಯವನ್ನೇ ಬರೆದು, ಯಾವ ಯಾವ ತಿಂಗಳಿನದು, ಎಷ್ಟು ಮೊತ್ತ ಎಂದು ನಮೂದಿಸಿ. ಅದೇ ಪತ್ರದಲ್ಲಿ ನಿಮ್ಮ ಖಾತೆಯಲ್ಲಿ ಇಂಥ ದಿನಾಂಕಕ್ಕೆ 40 ಗಳಿಕೆ ರಜೆ ಇದೆ ಎಂದು ತಿಳಿಸಿ, ಅದರ ಇತ್ಯರ್ಥವನ್ನು ಕೋರಿ. ಮುಂದೆ ಯಾವ ಅಧಿಕಾರಿಯ ಮುಂದೆ ಹೋದರೂ ಈ ಒಂದು ಪುಟ ನಿಮ್ಮ ಪರವಾಗಿ ಮಾತನಾಡುತ್ತದೆ.

ಇನ್ನು ಕಾನೂನು ಏನು ಹೇಳುತ್ತದೆ ಎಂಬುದು. ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಅವುಗಳಲ್ಲಿ ನಿಮಗೆ ಎರಡು ಮುಖ್ಯ. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಅನ್ವಯಿಸುತ್ತದೆ. ಅದರ ಪ್ರಕಾರ ಕ್ಯಾಲೆಂಡರ್ ವರ್ಷದಲ್ಲಿ 180 ದಿನ ದುಡಿದವರಿಗೆ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ವೇತನಸಹಿತ ರಜೆ ಸಿಗುತ್ತದೆ. ಹಿಂದಿನ ಕಾರ್ಖಾನೆ ಕಾಯ್ದೆಯಲ್ಲಿ ಈ ಅರ್ಹತೆಗೆ 240 ದಿನ ಬೇಕಿತ್ತು. ಕೆಲಸಗಾರರು ವಜಾಗೊಂಡರೂ, ತಾವಾಗಿಯೇ ಕೆಲಸ ಬಿಟ್ಟರೂ ಬಾಕಿ ರಜೆಗೆ ಬದಲಾಗಿ ವೇತನ ಕೊಡಬೇಕೆಂದು ಅದು ಹೇಳುತ್ತದೆ, ಮತ್ತು ಅದನ್ನು ಕೊಡಲು ಇರುವ ಗಡುವು ಎರಡನೇ ಕೆಲಸದ ದಿನ ಮುಗಿಯುವವರೆಗೆ ಮಾತ್ರ. ವೇತನ ಸಂಹಿತೆಯೂ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವಿಧಿಸುತ್ತದೆ. ‘ಫುಲ್ ಅಂಡ್ ಫೈನಲ್ (ಬಾಕಿಯ ಕೊನೆಯ ಇತ್ಯರ್ಥ) ಆಗಲು 45 ದಿನ ಬೇಕು’ ಎಂಬುದು ಕಚೇರಿಗಳಲ್ಲಿ ಬೆಳೆದುಬಂದ ರೂಢಿಯೇ ಹೊರತು ಕಾನೂನು ಕೊಟ್ಟ ಅವಕಾಶವಲ್ಲ.

ಇಲ್ಲಿ ನಿಮ್ಮ ಹುದ್ದೆಯ ಹೆಸರನ್ನು ಹಿಡಿದು ಆಡಳಿತವು ವಾದ ಹೂಡಬಹುದು. ವ್ಯವಸ್ಥಾಪಕ ಅಥವಾ ಆಡಳಿತಾತ್ಮಕ ಕೆಲಸ ಮಾಡುವವರು, ಹಾಗೆಯೇ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು, ಸಂಹಿತೆಯ ಅರ್ಥದಲ್ಲಿ ‘ಕೆಲಸಗಾರ’ರಲ್ಲ. ಆದರೆ ಬೋರ್ಡಿನ ಮೇಲಿನ ಹೆಸರಿಗಿಂತ ದಿನನಿತ್ಯ ಮಾಡುವ ಕೆಲಸದ ಸ್ವರೂಪವೇ ಮುಖ್ಯ ಎಂಬುದನ್ನು ನ್ಯಾಯಾಲಯಗಳು ಬಹಳ ಹಿಂದಿನಿಂದಲೂ ಎತ್ತಿಹಿಡಿದಿವೆ. ನೀವು ಬುಕಿಂಗ್ ನೋಡಿಕೊಳ್ಳುವುದು, ಬಿಲ್ ಮಾಡುವುದು, ಅತಿಥಿಗಳನ್ನು ಬರಮಾಡಿಕೊಳ್ಳುವುದು ಇಷ್ಟೇ ಮಾಡುತ್ತಿದ್ದು, ಯಾರನ್ನೂ ನೇಮಿಸುವ, ಶಿಕ್ಷಿಸುವ, ಯಾರ ರಜೆಯನ್ನಾದರೂ ಮಂಜೂರು ಮಾಡುವ ಅಧಿಕಾರ ನಿಮಗಿಲ್ಲದಿದ್ದರೆ, ‘ಮ್ಯಾನೇಜರ್’ ಎಂಬ ಪದ ನಿಮಗೆ ಅಡ್ಡಿಯಾಗಬಾರದು. ಒಂದು ವೇಳೆ ಆ ವಾದದಲ್ಲಿ ಸೋತರೂ, ನೇಮಕಾತಿ ಪತ್ರದಲ್ಲಿ ಅಥವಾ ಕಂಪನಿಯ ರಜೆ ನಿಯಮಗಳಲ್ಲಿ ಕೊಟ್ಟ ಮಾತು ಒಪ್ಪಂದವಾಗಿ ಉಳಿಯುತ್ತದೆ. ವೇತನ ಸಂಹಿತೆಯಂತೂ ವ್ಯವಸ್ಥಾಪಕರನ್ನೂ ಒಳಗೊಂಡು ಎಲ್ಲ ಉದ್ಯೋಗಿಗಳಿಗೂ ಅನ್ವಯಿಸುತ್ತದೆ.

ಈಗ ದಿನಗಳ ಲೆಕ್ಕ. 12 ಅನಾರೋಗ್ಯ ರಜೆಗಳನ್ನು ಬದಿಗಿಡಿ. ಕಂಪನಿಯ ನಿಯಮವೇ ಹಾಗೆ ಹೇಳಿದ್ದರ ಹೊರತು ಅವು ಹಣವಾಗುವುದಿಲ್ಲ. ಗಳಿಕೆ ರಜೆಯ 40 ದಿನಗಳಲ್ಲಿ ಈ ವರ್ಷದ 7ರ ಬಗ್ಗೆ ತಕರಾರು ಬರಲಾರದು. ಕಳೆದ ವರ್ಷದಿಂದ ಬಂದ 33 ದಿನಗಳ ಬಗ್ಗೆ ಬರಬಹುದು, ಏಕೆಂದರೆ ಕೇಂದ್ರದ ಸಂಹಿತೆಯಲ್ಲಿ ಒಂದು ವರ್ಷದಿಂದ ಮುಂದಿನ ವರ್ಷಕ್ಕೆ ಒಯ್ಯಬಹುದಾದ ಮಿತಿ 30 ದಿನ. ಆದರೆ ರಾಜ್ಯದ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಈ ಮಿತಿಯನ್ನು ತಿದ್ದುಪಡಿಯ ಮೂಲಕ 30ರಿಂದ 45ಕ್ಕೆ ಏರಿಸಲಾಗಿದೆ. ಅದಕ್ಕಿಂತಲೂ ಬಲವಾದ ಆಧಾರ ನಿಮ್ಮ ಪುತ್ತರಿ ರಜೆಯ ಅರ್ಜಿ. ಕೇಳಿಯೂ ಸಿಗದೇ ಹೋದ ರಜೆಗೆ ಸಂಹಿತೆಯಲ್ಲಿ ಮಿತಿಯೇ ಇಲ್ಲ. ನಿರಾಕರಿಸಿದ ದಿನಗಳನ್ನು ಎಷ್ಟಾದರೂ ಮುಂದಕ್ಕೆ ಒಯ್ಯಬಹುದು. ಹಬ್ಬಕ್ಕೆ ಐದು ದಿನ ಕೇಳಿ, ‘ರೂಮ್ ಫುಲ್ ಇದೆ, ಆಗುವುದಿಲ್ಲ’ ಎಂದು ಮೇಲಿನವರು ಕಳುಹಿಸಿದ ಸಂದೇಶವೇನಾದರೂ ನಿಮ್ಮ ಫೋನಿನಲ್ಲಿದ್ದರೆ ಅದನ್ನು ಅಳಿಸಬೇಡಿ. 30ಕ್ಕಿಂತ ಮೇಲಿನ ಮೂರು ದಿನಗಳನ್ನು ಅದೊಂದೇ ಸಂದೇಶ ಉಳಿಸಿಕೊಡಬಲ್ಲದು.

ಹಬ್ಬದ ದಿನವೇ ಕೆಲಸ ಮಾಡಿಸಿಕೊಂಡದ್ದಿದ್ದರೆ ಅದು ಬೇರೆಯೇ ಲೆಕ್ಕ. ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳಿಗೆ ಸಂಬಂಧಿಸಿದ ರಾಜ್ಯದ 1963ರ ಕಾಯ್ದೆಯಡಿ, ಅಂಥ ಘೋಷಿತ ರಜಾದಿನ ದುಡಿದವರಿಗೆ ಎರಡರಷ್ಟು ವೇತನ ಕೊಡಬೇಕು, ಇಲ್ಲವೇ ಆ ದಿನದ ವೇತನದ ಜೊತೆಗೆ ಬದಲಿ ರಜೆ ಕೊಡಬೇಕು. ಆಗಸ್ಟ್ 15, ಅಕ್ಟೋಬರ್ 2ರಂಥ ದಿನಗಳಲ್ಲಿ ಕೊಡಗಿನ ರೆಸಾರ್ಟ್‌ಗಳು ತುಂಬಿರುತ್ತವೆ, ಸಿಬ್ಬಂದಿಗೆ ಬಿಡುವು ಸಿಗುವುದಿಲ್ಲ. ಬದಲಿ ರಜೆ ಸಿಗದೇ ಉಳಿದ ಅಂಥ ದಿನಗಳನ್ನು ಗಳಿಕೆ ರಜೆಯೊಂದಿಗೆ ಬೆರೆಸದೆ ಪತ್ರದಲ್ಲಿ ಪ್ರತ್ಯೇಕವಾಗಿ ಬರೆಯಿರಿ.

ಮಳೆಗಾಲದ ಹತ್ತು ದಿನಗಳ ವಿಷಯದಲ್ಲಿ ನನ್ನ ನಿಲುವು ಖಚಿತವಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಪ್ರವಾಸಿಗರು ಕಡಿಮೆಯಾಗುತ್ತಾರೆ, ಗುಡ್ಡ ಕುಸಿತದ ಭಯವಿದ್ದಾಗ ಜಿಲ್ಲಾಡಳಿತವೇ ನಿರ್ಬಂಧ ಹೇರುವುದೂ ಉಂಟು. 2018ರ ಆಗಸ್ಟ್‌ನ ನಂತರ ಇದು ಈ ಜಿಲ್ಲೆಯ ಪ್ರತಿಯೊಬ್ಬ ಉದ್ಯಮಿಗೂ ತಿಳಿದಿರುವ ಸಂಗತಿ. ಆ ನಷ್ಟ ನಿಜವಾದದ್ದೇ. ಆದರೆ ಕೆಲಸ ಕೊಡಲಾಗದ ದಿನಗಳನ್ನು ಕೆಲಸಗಾರರು ಕೇಳಿ ಪಡೆದ ರಜೆಯೆಂದು ಲೆಕ್ಕಕ್ಕೆ ಬರೆದುಕೊಳ್ಳುವುದು, ವ್ಯಾಪಾರದ ಏರಿಳಿತವನ್ನು ಹೌಸ್‌ಕೀಪಿಂಗ್ ಮತ್ತು ರಿಸೆಪ್ಶನ್‌ನವರ ಹೆಗಲಿಗೆ ದಾಟಿಸಿದಂತೆ. ಗಳಿಕೆ ರಜೆ ಆರಂಭವಾಗಬೇಕಾದದ್ದು ಕೆಲಸಗಾರರ ಅರ್ಜಿಯಿಂದ. ನೀವು ಅರ್ಜಿ ಹಾಕದೆಯೇ ಆ್ಯಪ್‌ನಲ್ಲಿ ಹತ್ತು ದಿನ ಕಡಿದಿದ್ದರೆ, ಆ ದಿನಗಳನ್ನು ಮರಳಿ ಜಮೆ ಮಾಡಬೇಕೆಂದು ಈಗಲೇ ಲಿಖಿತವಾಗಿ ಕೇಳಿ. ಆಗ ಒತ್ತಾಯಕ್ಕೆ ಮಣಿದು ನೀವೇ ‘ಅಪ್ಲೈ’ ಒತ್ತಿದ್ದರೆ ವಾದ ದುರ್ಬಲವಾಗುತ್ತದೆ. ಎಲ್ಲರೂ ಹಾಗೆ ಮಾಡಬೇಕೆಂದು ಗುಂಪಿನಲ್ಲಿ ಬಂದ ಸೂಚನೆಯ ಪ್ರತಿ ಇದ್ದರೆ ಮತ್ತೆ ಬಲ ಪಡೆಯುತ್ತದೆ.

ದರದ ವಿಷಯಕ್ಕೆ ಬರೋಣ. ಆಡಳಿತವು 12,000 ರೂಪಾಯಿ ಮೂಲ ವೇತನವನ್ನಷ್ಟೇ ಹಿಡಿದು, ಅದನ್ನು 30ರಿಂದ ಭಾಗಿಸಿ, ದಿನಕ್ಕೆ 400ರಂತೆ 40 ದಿನಕ್ಕೆ 16,000 ಎಂದು ಹೇಳುವ ಸಾಧ್ಯತೆ ಹೆಚ್ಚು. ಹೊಸ ಸಂಹಿತೆಗಳ ವೇತನ ವ್ಯಾಖ್ಯೆ ಇದನ್ನು ಒಪ್ಪುವುದಿಲ್ಲ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮೊದಲಾದ ಹೊರಗಿಡಬಹುದಾದ ಅಂಶಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. ನಿಮ್ಮ 28,000ದಲ್ಲಿ ಭತ್ಯೆಗಳು 16,000, ಅರ್ಧವೆಂದರೆ 14,000, ಮೀರಿದ 2,000 ಮೂಲ ವೇತನಕ್ಕೆ ಸೇರಿ ವೇತನ 14,000 ಆಗುತ್ತದೆ. ಅದೇ 30ರ ಭಾಗಾಕಾರದಲ್ಲಿ 40 ದಿನಕ್ಕೆ 18,667 ರೂಪಾಯಿ. ಇದು ಕನಿಷ್ಠ ಲೆಕ್ಕ ಎಂದಿಟ್ಟುಕೊಳ್ಳಿ. ಹಿಂದೆ ಕೆಲಸ ಬಿಟ್ಟವರಿಗೆ ಕಂಪನಿಯು ಒಟ್ಟು ಸಂಬಳದ ಮೇಲೆ ರಜೆಯ ಹಣ ಕೊಟ್ಟಿದ್ದರೆ, ಅಥವಾ ನೇಮಕಾತಿ ಪತ್ರ ಹಾಗೆ ಹೇಳಿದ್ದರೆ, ನೀವು 37,333 ರೂಪಾಯಿ ಕೇಳಲು ಅರ್ಹರು. ಹಳೆಯ ಸಹೋದ್ಯೋಗಿಯೊಬ್ಬರ ಇತ್ಯರ್ಥದ ಹಾಳೆಯ ಪ್ರತಿ ಸಿಕ್ಕರೆ ಆ ವಾದಕ್ಕೆ ಅದೇ ಆಧಾರ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ರಜೆಯೇ, ಹಣವೇ? ಸಂಬಳ ತಿಂಗಳು ತಿಂಗಳಿಗೆ ಬರುತ್ತಿದ್ದರೆ, ನೋಟಿಸ್ ಅವಧಿಯಲ್ಲಿ ರಜೆ ತೆಗೆದುಕೊಂಡು ಆ ಸಂಬಳದ ಮೂಲಕವೇ ರಜೆಯ ಬೆಲೆಯನ್ನು ಪಡೆಯಿರಿ ಎನ್ನುತ್ತಿದ್ದೆ. ನಿಮ್ಮಲ್ಲಿ ಸಂಬಳವೇ ನಿಂತಿದೆ. ಹೀಗಿರುವಾಗ ರಜೆಯ ಮೇಲೆ ಮನೆಯಲ್ಲಿ ಕುಳಿತರೆ ಬಾಕಿಗೆ ಇನ್ನೊಂದು ಬಾಕಿ ಸೇರುತ್ತದೆ ಅಷ್ಟೆ. ಮೈಸೂರಿನ ಕೆಲಸ ಕಾಯುತ್ತಿರುವುದರಿಂದ ನಿಮಗೆ ಇರುವ ಉತ್ತಮ ದಾರಿ, ಗಳಿಕೆ ರಜೆಯನ್ನು ನೋಟಿಸ್ ಅವಧಿಗೆ ಹೊಂದಿಸಿಕೊಂಡು ಬೇಗ ಬಿಡುಗಡೆ ಪಡೆಯುವುದು. ಮೂವತ್ತು ದಿನಗಳಲ್ಲಿ ಹತ್ತು ದಿನ ಕೆಲಸ ಮಾಡಿ, ಲೆಕ್ಕ ಮತ್ತು ಬೀಗದ ಕೈಗಳನ್ನು ಒಪ್ಪಿಸಿ, ಉಳಿದ ಇಪ್ಪತ್ತು ದಿನಕ್ಕೆ ಇಪ್ಪತ್ತು ಗಳಿಕೆ ರಜೆಯನ್ನು ಹೊಂದಿಸಿ ಬಿಡುಗಡೆ ಮಾಡಿರೆಂದು ಕೋರಿ. ಇದಕ್ಕೆ ಕಂಪನಿ ಒಂದು ರೂಪಾಯಿಯನ್ನೂ ನಗದಾಗಿ ಕೊಡಬೇಕಿಲ್ಲ, ಹಾಗಾಗಿ ಒಪ್ಪುವ ಸಾಧ್ಯತೆ ಹೆಚ್ಚು; ನಿಮಗೆ ಮೈಸೂರಿನ ಸಂಬಳ ಇಪ್ಪತ್ತು ದಿನ ಮೊದಲೇ ಶುರುವಾಗುತ್ತದೆ, ಮತ್ತು ಆ ಸಂಬಳ ಖಚಿತವಾಗಿ ಬರುವಂಥದ್ದು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ‘ದಿನಕ್ಕೆ ದಿನ’ ಹೊಂದಾಣಿಕೆ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಹಾಗೆ ಬರೆಯದಿದ್ದರೆ ನೋಟಿಸ್ ದಿನವನ್ನು ಒಟ್ಟು ಸಂಬಳದ ದರದಲ್ಲಿಯೂ ರಜೆಯ ದಿನವನ್ನು ಮೂಲ ವೇತನದ ದರದಲ್ಲಿಯೂ ಲೆಕ್ಕ ಹಾಕಿ, ಕೊನೆಗೆ ನೀವೇ ಹಣ ಕಟ್ಟಬೇಕು ಎಂದು ತೋರಿಸಲು ಅವಕಾಶವಾಗುತ್ತದೆ. ಒಪ್ಪಿಗೆ ಲಿಖಿತವಾಗಿ ಬರುವವರೆಗೆ ಗೈರುಹಾಜರಾಗಬೇಡಿ. ಮಾತಿನಲ್ಲಿ ಒಪ್ಪಿ, ನಂತರ ‘ಕೆಲಸ ಬಿಟ್ಟು ಓಡಿಹೋದರು’ ಎಂದು ದಾಖಲಿಸಿದರೆ ಮೈಸೂರಿನವರು ಕೇಳುವ ಬಿಡುಗಡೆ ಪತ್ರಕ್ಕೂ ತೊಂದರೆಯಾಗುತ್ತದೆ.

ದಾಖಲೆಗಳನ್ನು ರಾಜೀನಾಮೆ ಕೊಡುವ ಮೊದಲೇ ಸಂಗ್ರಹಿಸಿಕೊಳ್ಳಬೇಕು, ಏಕೆಂದರೆ ಕಂಪನಿಯ ಇಮೇಲ್ ಮತ್ತು ಆ್ಯಪ್ ಎರಡೂ ಕೊನೆಯ ದಿನವೇ ಮುಚ್ಚಿಹೋಗುತ್ತವೆ. ರಜೆ ಬಾಕಿ ತೋರಿಸುವ ಪರದೆಯ ಚಿತ್ರ, ಹಿಂದಿನ ವರ್ಷಗಳ ರಜೆ ವಿವರ, ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಸಂಬಳ ಜಮೆಯಾಗುತ್ತಿದ್ದ ಬ್ಯಾಂಕ್ ಖಾತೆಯ ವಿವರ, ಇವಿಷ್ಟನ್ನು ನಿಮ್ಮ ಸ್ವಂತ ಇಮೇಲ್‌ಗೆ ಕಳುಹಿಸಿಕೊಳ್ಳಿ. ಅತಿಥಿಗಳ ಮಾಹಿತಿ ಅಥವಾ ಕಂಪನಿಯ ವ್ಯವಹಾರದ ಕಾಗದಗಳನ್ನು ಮಾತ್ರ ಮುಟ್ಟಬೇಡಿ. ಪಿಎಫ್ ಪಾಸ್‌ಬುಕ್ ತೆರೆದು ನೋಡುವುದನ್ನೂ ಮರೆಯಬೇಡಿ; ಸಂಬಳ ನಿಲ್ಲುವುದಕ್ಕೆ ಎಷ್ಟೋ ಮೊದಲೇ ಪಿಎಫ್ ಕಟ್ಟುವುದು ನಿಂತಿರುವುದುಂಟು. ನಿಮ್ಮ ಸಂಬಳದಿಂದ ಹಿಡಿದು ಕಟ್ಟದೇ ಇದ್ದರೆ ಅದು ರಜೆಯ ಹಣಕ್ಕಿಂತ ಗಂಭೀರವಾದ ತಪ್ಪು, ಅದಕ್ಕೆ ಭವಿಷ್ಯ ನಿಧಿ ಸಂಘಟನೆಗೆ ಪ್ರತ್ಯೇಕ ದೂರು ಕೊಡಬೇಕು.

ಇತ್ಯರ್ಥದ ಹಾಳೆ ಮುಂದಿಟ್ಟು ‘ಸಹಿ ಹಾಕಿ, ಹಣ ಆಮೇಲೆ ಬರುತ್ತದೆ’ ಎಂದರೆ ಸಹಿ ಹಾಕಬೇಡಿ. ‘ಎಲ್ಲ ಬಾಕಿ ಪಡೆದಿದ್ದೇನೆ’ ಎಂಬ ಸಾಲಿಗೆ ಹಾಕಿದ ಸಹಿಯನ್ನು ಹಿಂತೆಗೆಯುವುದು ಬಹಳ ಕಷ್ಟ. ಬಿಡುಗಡೆ ಪತ್ರಕ್ಕಾಗಿ ಸಹಿ ಹಾಕಲೇಬೇಕಾದ ಸಂದರ್ಭ ಬಂದರೆ, ಸಹಿಯ ಮೇಲ್ಗಡೆ ‘ಮೊತ್ತ ನನ್ನ ಖಾತೆಗೆ ಜಮೆಯಾಗುವ ಷರತ್ತಿಗೆ ಒಳಪಟ್ಟು’ ಎಂದು ಕೈಬರಹದಲ್ಲಿ ಬರೆದು, ಆ ಪುಟದ ಚಿತ್ರ ತೆಗೆದುಕೊಳ್ಳಿ. ಕಂತಿನಲ್ಲಿ ಕೊಡುತ್ತೇವೆ ಎಂದರೆ ನಿರಾಕರಿಸುವ ಅಗತ್ಯವಿಲ್ಲ, ಆದರೆ ಇಷ್ಟು ಸಾಲ ಇದೆ ಎಂಬ ಸಹಿ ಮಾಡಿದ ಒಪ್ಪಿಗೆ ಬೇಕು. ದಾವೆ ಹೂಡಲು ಇರುವ ಅವಧಿಯೊಳಗೆ ಹಾಗೆ ಲಿಖಿತವಾಗಿ ಒಪ್ಪಿಕೊಂಡ ದಿನದಿಂದ ಕಾಲಮಿತಿ ಕಾಯ್ದೆಯ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಮುಂದಿನ ದಿನಾಂಕದ ಚೆಕ್ ಕೊಟ್ಟರೆ ಅದು ಇನ್ನೂ ಒಳ್ಳೆಯದು. ಚೆಕ್ಕಿನ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಬೇಕು; ಹಣವಿಲ್ಲದೆ ಮರಳಿದರೆ, ಮರಳಿದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು; ನೋಟಿಸ್ ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಆ ನಂತರದ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು. ರಜೆಯ ಬಾಕಿಯನ್ನು ತಿಂಗಳುಗಟ್ಟಲೆ ಮುಂದೂಡುವ ಮಾಲೀಕರೂ ಸಹಿ ಹಾಕಿದ ಚೆಕ್ಕಿನ ವಿಷಯದಲ್ಲಿ ಉದಾಸೀನ ತೋರುವುದು ಕಡಿಮೆ, ಏಕೆಂದರೆ ಅಲ್ಲಿ ಕ್ರಿಮಿನಲ್ ಮೊಕದ್ದಮೆಯ ಭಯವಿದೆ.

ಗ್ರಾಚ್ಯುಟಿಯನ್ನು ನೀವು ಪ್ರಸ್ತಾಪಿಸಲೇ ಇಲ್ಲ. ಐದು ವರ್ಷ ಪೂರೈಸಿರುವ ನಿಮಗೆ ರಾಜೀನಾಮೆ ಕೊಟ್ಟರೂ ಅದು ಸಿಗಬೇಕು. ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಹಾಗೂ ಸೇವೆಯ ವರ್ಷಗಳಿಂದ ಗುಣಿಸಿದರೆ, 14,000 ರೂಪಾಯಿ ವೇತನದ ಮೇಲೆ ಆರು ವರ್ಷಕ್ಕೆ ಸುಮಾರು 48,460 ರೂಪಾಯಿ ಆಗುತ್ತದೆ. ಅದನ್ನು 30 ದಿನಗಳೊಳಗೆ ಕೊಡಬೇಕು. ರಜೆಯ ಹಣಕ್ಕಿಂತ ಇದು ಎರಡೂವರೆ ಪಟ್ಟು ದೊಡ್ಡ ಮೊತ್ತ; ರಜೆಯ ಜಗಳದ ನಡುವೆ ಇದರ ಅರ್ಜಿ ಹಾಕುವುದನ್ನು ಬಿಟ್ಟುಬಿಡಬೇಡಿ.

ಕಂಪನಿ ಮುಚ್ಚಿದರೆ ಎಂಬ ಪ್ರಶ್ನೆಗೆ ಉತ್ತರ, ನಿಮ್ಮ ಉದ್ಯೋಗದಾತರು ಯಾರು ಎಂಬುದನ್ನು ಅವಲಂಬಿಸಿದೆ. ಕೊಡಗಿನಲ್ಲಿ ಇದು ಸಣ್ಣ ವಿಷಯವಲ್ಲ, ಏಕೆಂದರೆ ಜಾಗ ಒಂದು ಕುಟುಂಬದ್ದು, ಅದರಲ್ಲಿ ರೆಸಾರ್ಟ್ ನಡೆಸುವವರು ಲೀಸ್ ಪಡೆದ ಬೇರೆಯವರು, ಬೋರ್ಡಿನಲ್ಲಿರುವ ಹೆಸರು ಇನ್ನೊಂದು ಎಂಬಂಥ ಏರ್ಪಾಡುಗಳು ಇಲ್ಲಿ ಸಾಮಾನ್ಯ. ನಿಮಗೆ ಹಣ ಕೊಡಬೇಕಾದವರು ನೇಮಕಾತಿ ಪತ್ರ ಮತ್ತು ಸಂಬಳದ ಚೀಟಿಯಲ್ಲಿರುವವರು, ಜಾಗದ ಮಾಲೀಕರಲ್ಲ. ರಿಸೆಪ್ಶನ್‌ನಲ್ಲಿ ತೂಗುಹಾಕಿರುವ ಜಿಎಸ್‌ಟಿ ನೋಂದಣಿ ಪ್ರಮಾಣಪತ್ರವನ್ನು ಒಮ್ಮೆ ಓದಿ. ಅದರಲ್ಲಿ ವ್ಯವಹಾರದ ಕಾನೂನುಬದ್ಧ ಹೆಸರು, ಅದು ಒಬ್ಬರ ಮಾಲೀಕತ್ವದ್ದೋ, ಪಾಲುದಾರಿಕೆಯೋ, ಪ್ರೈವೇಟ್ ಲಿಮಿಟೆಡ್ ಕಂಪನಿಯೋ ಎಂಬುದು ಇರುತ್ತದೆ. ಒಬ್ಬರ ಮಾಲೀಕತ್ವವಾದರೆ ಬಾಗಿಲು ಹಾಕಿದರೂ ಆ ವ್ಯಕ್ತಿಯ ಸ್ವಂತ ಆಸ್ತಿ ನಿಮ್ಮ ಬಾಕಿಗೆ ಹೊಣೆ; ಪಾಲುದಾರಿಕೆಯಾದರೆ ಪಾಲುದಾರರೆಲ್ಲರೂ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆಗಾರರು. ಕಂಪನಿಯಾದರೆ ಮಾತ್ರ ನಿರ್ದೇಶಕರ ಸ್ವಂತ ಆಸ್ತಿಯವರೆಗೆ ಹೋಗುವುದು ಸಾಮಾನ್ಯವಾಗಿ ಸಾಧ್ಯವಾಗದು, ಹಾಗಾಗಿ ಅಲ್ಲಿ ಆತುರ ಹೆಚ್ಚು ಬೇಕು.

ಕಂಪನಿಯು 2016ರ ದಿವಾಳಿ ಸಂಹಿತೆಯಡಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆ ಹೋದರೆ, ಬೇರೆ ಕಡೆಯ ವಸೂಲಿ ಪ್ರಕ್ರಿಯೆಗಳೆಲ್ಲ ತಡೆಯಲ್ಪಡುತ್ತವೆ. ಆಗ ಪತ್ರಿಕೆಗಳಲ್ಲಿ, ಪ್ರಾದೇಶಿಕ ಭಾಷೆಯಲ್ಲೂ, ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ದಿನಾಂಕದೊಳಗೆ ಉದ್ಯೋಗಿಗಳಿಗೆಂದೇ ಇರುವ ‘ಡಿ’ ನಮೂನೆಯಲ್ಲಿ ನಿಮ್ಮ ಹಕ್ಕುಕೋರಿಕೆ ಸಲ್ಲಿಸಬೇಕು. ಸಮಾಪನೆಯ, ಅಂದರೆ ಕಂಪನಿಯ ಆಸ್ತಿ ಮಾರಿ ಸಾಲ ತೀರಿಸುವ, ಹಂತ ತಲುಪಿದರೆ, ಕೆಲಸಗಾರರಿಗೆ ಹಿಂದಿನ 24 ತಿಂಗಳ ಬಾಕಿ ಭದ್ರತೆ ಪಡೆದ ಬ್ಯಾಂಕಿನ ಸಾಲದ ಸರಿಸಮಕ್ಕೆ ನಿಲ್ಲುತ್ತದೆ. ಕೆಲಸಗಾರರ ವ್ಯಾಖ್ಯೆಗೆ ಬಾರದ ಉದ್ಯೋಗಿಗಳಿಗೆ ಹಿಂದಿನ 12 ತಿಂಗಳ ಬಾಕಿ ಅದರ ಕೆಳಗಿನ ಮೆಟ್ಟಿಲಿನಲ್ಲಿರುತ್ತದೆ. ಕೆಲಸ ಕೊನೆಗೊಂಡಾಗ ಕೊಡಬೇಕಾದ ರಜೆಯ ವೇತನವನ್ನು 2013ರ ಕಂಪನಿ ಕಾಯ್ದೆಯು ಕೆಲಸಗಾರರ ಬಾಕಿಯ ವ್ಯಾಖ್ಯೆಯಲ್ಲಿ ಹೆಸರಿಸಿಯೇ ಸೇರಿಸಿದೆ. ‘ಮ್ಯಾನೇಜರ್’ ಎಂಬ ಹೆಸರಿನ ವಾದವನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ಪಿಎಫ್ ನಿಧಿಯ ಬಾಕಿ ಈ ಸಾಲಿನಲ್ಲಿ ನಿಲ್ಲಬೇಕಿಲ್ಲ, ಅದು ಸಮಾಪನೆಯ ಆಸ್ತಿಯಿಂದಲೇ ಹೊರಗೆ.

ಹಣ ಬಾರದಿದ್ದರೆ ಏನು ಮಾಡಬೇಕು? ಕೊನೆಯ ಕೆಲಸದ ದಿನದ ನಂತರ ಒಂದು ವಾರ ಕಾದು, ನೋಂದಾಯಿತ ಅಂಚೆಯಲ್ಲಿ ಬೇಡಿಕೆ ಪತ್ರ ಕಳುಹಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಮಡಿಕೇರಿಯ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಬರಹದಲ್ಲಿ ದೂರು ಕೊಡಿ. ಎಷ್ಟೋ ಪ್ರಕರಣಗಳು ಕಾರ್ಮಿಕ ನಿರೀಕ್ಷಕರು ಎರಡೂ ಕಡೆಯವರನ್ನು ಕರೆಸಿ ಕೂರಿಸಿದಾಗಲೇ ಮುಗಿಯುತ್ತವೆ. ಮುಗಿಯದಿದ್ದರೆ ವೇತನ ಸಂಹಿತೆಯಡಿಯ ಪ್ರಾಧಿಕಾರದ ಮುಂದೆ ಹಕ್ಕುಕೋರಿಕೆ ಅರ್ಜಿ ಸಲ್ಲಿಸಲು ಮೂರು ವರ್ಷಗಳ ಅವಧಿ ಇದೆ. ಪ್ರಾಧಿಕಾರವು ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಬಹುದು, ಮತ್ತು ಹಣ ಕೊಟ್ಟಿದ್ದೇವೆ ಎಂದು ಸಾಬೀತುಪಡಿಸುವ ಹೊಣೆ ಉದ್ಯೋಗದಾತರ ಮೇಲಿರುತ್ತದೆ. ಮೂರು ವರ್ಷ ಇದೆಯೆಂದು ಕಾಯಬೇಡಿ. ಸಂಕಷ್ಟದಲ್ಲಿರುವ ಕಂಪನಿಯಲ್ಲಿ ಮೊದಲು ಕೇಳಿದವರಿಗೆ ಏನಾದರೂ ಸಿಗುತ್ತದೆ, ಕೊನೆಯಲ್ಲಿ ಕೇಳಿದವರಿಗೆ ಆದೇಶದ ಪ್ರತಿ ಮಾತ್ರ ಸಿಗುತ್ತದೆ. ವಕೀಲರ ಶುಲ್ಕದ ಚಿಂತೆಯೂ ಬೇಡ. ಮಹಿಳೆಯಾಗಿರುವುದರಿಂದ, ಆದಾಯ ಎಷ್ಟೇ ಇದ್ದರೂ, ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಪಡೆಯಲು ನೀವು ಅರ್ಹರು. ಇನ್ನು ತೆರಿಗೆ: ಕೆಲಸ ಬಿಡುವಾಗ ಬರುವ ರಜೆಯ ಹಣಕ್ಕೆ ಖಾಸಗಿ ಉದ್ಯೋಗಿಗಳಿಗೆ ಒಟ್ಟು 25 ಲಕ್ಷ ರೂಪಾಯಿವರೆಗೆ, ಕೆಲವು ಲೆಕ್ಕಾಚಾರಗಳಿಗೆ ಒಳಪಟ್ಟು, ವಿನಾಯಿತಿ ಇದೆ, ನಿಮ್ಮ ಮೊತ್ತಕ್ಕೆ ಅದು ಸಮಸ್ಯೆಯೇ ಆಗದು.

ನಿಮ್ಮ ತಾಯಿಯವರಿಗೂ ಈ ರಜೆ ಇದೆ. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ವೇತನಸಹಿತ ರಜೆ ತೋಟದ ಕಾರ್ಮಿಕರ ಹಕ್ಕಾಗಿತ್ತು, ಈಗ ಅದು ಹೊಸ ಸಂಹಿತೆಯೊಳಗೆ ಬಂದಿದೆ. ಐದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡದಾದ ಕಾಫಿ ತೋಟ ಸಂಹಿತೆಯ ಅರ್ಥದಲ್ಲಿ ಪ್ಲಾಂಟೇಶನ್ ಆಗುತ್ತದೆ. ಅರೇಬಿಕಾ ಮತ್ತು ರೋಬಸ್ಟಾ ಕೊಯ್ಲು ಮುಗಿದ ಮೇಲೆ ಮರ ಕಪಾತು, ಕಳೆ, ಗೊಬ್ಬರದ ಕೆಲಸಗಳಿಗೂ ಹೋಗುವವರಾದರೆ ವರ್ಷಕ್ಕೆ 180 ದಿನ ತುಂಬುವುದು ಕಷ್ಟವಲ್ಲ. ಅವರ ದಿನಗಳ ಲೆಕ್ಕವೆಲ್ಲ ಇರುವುದು ತೋಟದ ರೈಟರ್ ಬರೆಯುವ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದಲ್ಲಿ, ಅದರ ಪ್ರತಿ ಕಾರ್ಮಿಕರ ಕೈಗೆ ಸಿಗುವುದು ಅಪರೂಪ. ಆದ್ದರಿಂದ ದುಡಿದ ದಿನಗಳನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಲು ಅವರಿಗೆ ಹೇಳಿ, ಮತ್ತು ವಾರದ ಬಟವಾಡೆಯ ಚೀಟಿಗಳಿದ್ದರೆ ಎಸೆಯದಂತೆ ನೋಡಿಕೊಳ್ಳಿ.